ಸುವಾರ್ತೆ ಬರೆದವರು ಯಾರು, ಯಾಕೆ ಬರೆದರು ಅಂತ ಕೇಳಬಾರದೇ?

ಮಾನ್ಯ ಸಂಪಾದಕರೇ,

ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಇತ್ತೀಚೆಗೆ ನಡೆದ ಜಟಾಪಟಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಬೈಬಲ್‌ನ ನಾಲ್ಕು ಸುವಾರ್ತೆಗಳು, ಅಂದರೆ ಯೇಸುವಿನ ಬದುಕನ್ನು ಹೇಳುವ ನಾಲ್ಕು ಪುಸ್ತಕಗಳು, ಒಂದಕ್ಕೊಂದು ತಾಳೆಯಾಗುವುದಿಲ್ಲ, ಹಾಗಾಗಿ ಎಲ್ಲ ಕಟ್ಟುಕತೆ ಅಂತ ಒಬ್ಬರು ಬರೆದರು. ದೇವರ ವಾಕ್ಯವನ್ನು ಹೀಗೆ ಕೆದಕುವುದೇ ಪಾಪ ಅಂತ ಇನ್ನೊಬ್ಬರು ಉತ್ತರ ಕೊಟ್ಟರು. ಇಬ್ಬರಿಗೂ ಸಿಟ್ಟು ಬಂದಿದೆ. ಆದರೆ ನನಗೆ ಕಂಡಂತೆ ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸ. ಸುವಾರ್ತೆಯನ್ನು ಪೊಲೀಸರ ಮಹಜರಿನ ಹಾಗೆ ಓದುತ್ತಿದ್ದಾರೆ. ಒಬ್ಬರು ಮಹಜರು ಸುಳ್ಳು ಅನ್ನುತ್ತಾರೆ, ಇನ್ನೊಬ್ಬರು ನಿಜ ಅನ್ನುತ್ತಾರೆ. ಇದು ಮಹಜರೇ ಅಲ್ಲವಲ್ಲ ಅಂತ ಯಾರೂ ಹೇಳಲಿಲ್ಲ.

ನಾನು ಇಲ್ಲೇ ಮಂಗಳೂರಿನ ಕೆಥೋಲಿಕ. ಚಿಕ್ಕಂದಿನಿಂದ ದೊತೊರ್ನ್, ಅಂದರೆ ಧರ್ಮಪಾಠ, ಕಲಿತವನು, ಈಗಲೂ ಭಾನುವಾರದ ಪೂಜೆ ತಪ್ಪಿಸುವವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ವಾರ ನನ್ನ ಮೇಲೂ ಒಂದು ಪತ್ರ ಬರುತ್ತದೆ.

ಮೊದಲು ಕಾಲದ ಲೆಕ್ಕ. ಯೇಸುವನ್ನು ಶಿಲುಬೆಗೆ ಏರಿಸಿದ್ದು ಸುಮಾರು ಕ್ರಿ.ಶ. 30ರ ಆಸುಪಾಸು. ಹೊಸ ಒಡಂಬಡಿಕೆಯಲ್ಲಿ, ಅಂದರೆ ಬೈಬಲಿನ ಎರಡನೇ ಭಾಗದಲ್ಲಿ, ಎಲ್ಲಕ್ಕಿಂತ ಹಳೆಯ ಬರಹಗಳು ಸುವಾರ್ತೆಗಳಲ್ಲ, ಆ ಕಾಲದ ಧರ್ಮಪ್ರಚಾರಕ ಪೌಲನ ಪತ್ರಗಳು. ಅವು 50ರ ದಶಕದವು. ಮೊದಲ ಸುವಾರ್ತೆ ಮಾರ್ಕನದ್ದು, ಸುಮಾರು 70ರ ಹೊತ್ತಿಗೆ, ಅಂದರೆ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನೆಲಸಮ ಮಾಡಿದ ಸಮಯಕ್ಕೆ ಬಂತು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಮತ್ತಾಯ, ಲೂಕ ಅದಾದ ಹತ್ತಿಪ್ಪತ್ತು ವರ್ಷಕ್ಕೆ. ಯೋಹಾನ ಮೊದಲ ಶತಮಾನದ ಕೊನೆಗೆ. ಅಂದರೆ ಮೊದಲ ನಲವತ್ತು ವರ್ಷ ಕತೆ ಹೆಚ್ಚಾಗಿ ಬಾಯಿಂದ ಬಾಯಿಗೆ ಹೋಯಿತು. ಯೇಸು ಆಡಿದ್ದು ಅರಾಮಿಕ್ ಭಾಷೆ. ಸುವಾರ್ತೆ ನಮಗೆ ಸಿಕ್ಕಿದ್ದು ಗ್ರೀಕಿನಲ್ಲಿ.

ಮಾರ್ಕನೇ ಮೊದಲು ಅಂತ ಹೇಗೆ ಗೊತ್ತು? ಪಕ್ಕಪಕ್ಕ ಇಟ್ಟು ಓದಿ ಗೊತ್ತು ಮಾಡಿದ್ದಾರೆ. ಮಾರ್ಕನ ಸುಮಾರು 660 ವಚನಗಳಲ್ಲಿ 600ರಷ್ಟು ಮತ್ತಾಯನಲ್ಲಿ ಮತ್ತೆ ಸಿಗುತ್ತವೆ, ಎಷ್ಟೋ ಕಡೆ ಗ್ರೀಕ್ ಪದಗಳೂ ಅವೇ. ಮಾರ್ಕನ ಗ್ರೀಕ್ ಸ್ವಲ್ಪ ಒರಟು. ಮತ್ತಾಯ ಮತ್ತು ಲೂಕ ಅದನ್ನು ತಿದ್ದಿದ್ದಾರೆ. ಮಾರ್ಕನಲ್ಲಿ ಇಲ್ಲದೆ ಇವರಿಬ್ಬರಲ್ಲಿ ಮಾತ್ರ ಇರುವ ವಚನಗಳೂ ಇನ್ನೂರಕ್ಕೆ ಮಿಕ್ಕಿ ಇವೆ. ಹಾಗಾಗಿ ಇವರ ಮುಂದೆ ಯೇಸುವಿನ ಮಾತುಗಳ ಇನ್ನೊಂದು ಸಂಗ್ರಹ ಇದ್ದಿರಬೇಕು ಅಂತ ಊಹೆ. ಅದಕ್ಕೆ ಕ್ಯೂ ಅಂತ ಹೆಸರು. ಅದರ ಪ್ರತಿ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ, ಅಂಥದ್ದು ಇರಲೇ ಇಲ್ಲ, ಲೂಕನೇ ಮತ್ತಾಯನನ್ನು ಓದಿದ್ದ ಅನ್ನುವ ವಿದ್ವಾಂಸರೂ ಇದ್ದಾರೆ. ಇರಲಿ, ಆ ಜಗಳ ಅವರೇ ಮಾಡಿಕೊಳ್ಳಲಿ.

ಇದೆಲ್ಲ ಹೊರಗಿನವರು ಹುಟ್ಟುಹಾಕಿದ ಅನುಮಾನ ಅನ್ನುವವರು ದಯವಿಟ್ಟು ಲೂಕನ ಮೊದಲ ನಾಲ್ಕು ವಚನ ಓದಿ. ನನಗಿಂತ ಮೊದಲು ಹಲವರು ಇದನ್ನು ಬರೆಯಲು ಕೈಹಾಕಿದ್ದಾರೆ, ನಾನೂ ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಅಂತ ಅವನೇ ಥೆಯೊಫಿಲ ಎಂಬವನಿಗೆ ಹೇಳುತ್ತಾನೆ. ಕಣ್ಣಾರೆ ಕಂಡವರು ತಲುಪಿಸಿದ್ದನ್ನು ಬರೆಯುತ್ತಿದ್ದೇನೆ ಅನ್ನುತ್ತಾನೆಯೇ ಹೊರತು ನಾನೇ ಕಂಡೆ ಅನ್ನುವುದಿಲ್ಲ. ಯೋಹಾನ ಇನ್ನೂ ನೇರ. 20ನೇ ಅಧ್ಯಾಯದ ಕೊನೆಗೆ, ನೀವು ನಂಬಬೇಕು ಅಂತ ಇದನ್ನು ಬರೆದಿದೆ ಅನ್ನುತ್ತದೆ. ಬರೆದವರೇ ಉದ್ದೇಶ ಹೇಳಿರುವಾಗ ಉದ್ದೇಶ ಏನು ಅಂತ ಕೇಳಿದರೆ ಪಾಪ ಹೇಗಾಗುತ್ತದೆ?

ಈಗ ತಾಳೆಯಾಗುವುದಿಲ್ಲ ಅನ್ನುವ ದೂರಿಗೆ ಬರೋಣ. ಒಂದೇ ಉದಾಹರಣೆ ಸಾಕು, ಯೇಸು ಸತ್ತ ದಿನ. ಮಾರ್ಕ, ಮತ್ತಾಯ, ಲೂಕ ಮೂವರಲ್ಲೂ ಯೇಸು ಶಿಷ್ಯರ ಜೊತೆ ಯೆಹೂದ್ಯರ ಪಸ್ಕ ಹಬ್ಬದ ಊಟ ಮಾಡುತ್ತಾನೆ, ಆಮೇಲೆ ಸಾಯುತ್ತಾನೆ. ಯೋಹಾನನಲ್ಲಿ ಹಬ್ಬದ ಊಟ ಇನ್ನೂ ಆಗಿಲ್ಲ. ಅದು ಹಬ್ಬಕ್ಕೆ ತಯಾರಿ ಮಾಡುವ ದಿನ. ದೇವಾಲಯದಲ್ಲಿ ಪಸ್ಕದ ಕುರಿಮರಿಗಳನ್ನು ಬಲಿ ಕೊಡುವ ಆ ಮಧ್ಯಾಹ್ನವೇ ಯೇಸು ಶಿಲುಬೆಯ ಮೇಲಿದ್ದಾನೆ. ಇದನ್ನು ತಪ್ಪು ಅಂತ ಗೀಟು ಹಾಕಿ ಮುಂದೆ ಹೋಗಬಹುದು. ಆದರೆ ಅದೇ ಯೋಹಾನನ ಮೊದಲ ಅಧ್ಯಾಯಕ್ಕೆ ಹೋಗಿ ನೋಡಿ. ಸ್ನಾನಿಕ ಯೋಹಾನ (ಸುವಾರ್ತೆಯ ಯೋಹಾನ ಅಲ್ಲ, ಇವನು ಬೇರೆ) ಯೇಸುವನ್ನು ತೋರಿಸಿ ಇಗೋ ದೇವರ ಕುರಿಮರಿ ಅನ್ನುವುದು ಈ ಒಂದು ಸುವಾರ್ತೆಯಲ್ಲಿ ಮಾತ್ರ. ಸೈನಿಕರು ಯೇಸುವಿನ ಕಾಲು ಮುರಿಯಲಿಲ್ಲ, ಎಲುಬು ಒಂದೂ ಮುರಿಯಬಾರದು ಅನ್ನುವ ಮಾತು ನೆರವೇರಿತು ಅಂತ ಹೇಳುವುದೂ ಇದರಲ್ಲಿ ಮಾತ್ರ, ಆ ಕಟ್ಟಳೆ ಇರುವುದು ಪಸ್ಕದ ಕುರಿಮರಿಗೆ. ಅಂದರೆ ಬರೆದವನಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತಿತ್ತು, ದಿನ ಬೇರೆಯಾದದ್ದು ಮರೆವಿನಿಂದ ಅಲ್ಲ, ಯೇಸುವೇ ನಿಜವಾದ ಪಸ್ಕ ಅಂತ ತೋರಿಸಲು ಕತೆಯನ್ನು ಹಾಗೆ ಕಟ್ಟಿದ್ದಾನೆ ಅಂತ ಅನೇಕ ವಿದ್ವಾಂಸರು ಓದುತ್ತಾರೆ, ನನಗೂ ಹಾಗೆಯೇ ಅನಿಸುತ್ತದೆ.

ಕೊನೆಯ ಮಾತುಗಳೂ ಹೀಗೆಯೇ. ಮಾರ್ಕನಲ್ಲಿ ಯೇಸು ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಅಂತ ಕೂಗುತ್ತಾನೆ. ಲೂಕನಲ್ಲಿ ತಂದೆಯೇ, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಅನ್ನುತ್ತಾನೆ. ಯೋಹಾನನಲ್ಲಿ ಎಲ್ಲ ನೆರವೇರಿತು ಅಂತ ಶಾಂತವಾಗಿ ಹೇಳಿ ತಲೆಬಾಗಿಸುತ್ತಾನೆ. ಶುಭ ಶುಕ್ರವಾರ ಇವನ್ನೆಲ್ಲ ಒಟ್ಟು ಸೇರಿಸಿ ಏಳು ಮಾತು ಅಂತ ಧ್ಯಾನ ಮಾಡುತ್ತೇವೆ. ಮಾಡಲಿ, ನಾನೂ ಕೂರುತ್ತೇನೆ. ಆದರೆ ಸೇರಿಸಿದಾಗ ಮಾರ್ಕನ ಆ ಒಂಟಿ ಕೂಗು ಸ್ವಲ್ಪ ಮೆತ್ತಗಾಗುತ್ತದೆ, ಅಲ್ವಾ? ಮಾರ್ಕನ ಓದುಗರು ಕಷ್ಟದಲ್ಲಿದ್ದವರು, ಕೈಬಿಟ್ಟ ಹಾಗೆ ಅನಿಸುತ್ತಿದ್ದವರು ಅಂತ ಯೋಚಿಸಿ ಓದಿದರೆ ಆ ಸಾಲಿಗೆ ಬೇರೆಯೇ ತೂಕ ಬರುತ್ತದೆ.

ಯಾರಿಗಾಗಿ ಬರೆದರು ಅನ್ನುವುದಕ್ಕೂ ಒಳಗೇ ಗುರುತು ಸಿಗುತ್ತದೆ. ಮಾರ್ಕ 7ನೇ ಅಧ್ಯಾಯದಲ್ಲಿ ಯೆಹೂದ್ಯರು ಊಟಕ್ಕೆ ಮೊದಲು ಕೈ ತೊಳೆಯುವ ಸಂಪ್ರದಾಯವನ್ನು ವಿವರಿಸುತ್ತಾನೆ. ಓದುವವರು ಯೆಹೂದ್ಯರೇ ಆಗಿದ್ದರೆ ಅದು ಬೇಕಿರಲಿಲ್ಲ. ಮತ್ತಾಯ ಅದೇ ಘಟನೆ ಹೇಳುವಾಗ ವಿವರಣೆ ಬಿಟ್ಟಿದ್ದಾನೆ. ಮತ್ತಾಯನ ವಂಶಾವಳಿ ಅಬ್ರಹಾಮನಿಂದ ಶುರುವಾಗುತ್ತದೆ, ಲೂಕನದ್ದು ಆದಾಮನವರೆಗೆ ಹೋಗುತ್ತದೆ.

ಇನ್ನು ಹೆಸರುಗಳು. ಪಠ್ಯದ ಒಳಗೆ ಎಲ್ಲೂ ಮತ್ತಾಯನಾದ ನಾನು ಬರೆದೆ ಅಂತ ಇಲ್ಲ. ನಾಲ್ಕು ಸುವಾರ್ತೆಗಳನ್ನೂ ಈ ನಾಲ್ಕು ಹೆಸರಿನಿಂದ ಸ್ಪಷ್ಟವಾಗಿ ಕರೆದದ್ದು ಸುಮಾರು 180ರಲ್ಲಿ ಲಿಯೋನ್‌ನ ಬಿಷಪ್ ಐರೇನಿಯಸ್. ಮಾರ್ಕನ ಕೊನೆಯ 12 ವಚನಗಳು ನಾಲ್ಕನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಾದ ಸಿನಾಯ್ಟಿಕಸ್ ಮತ್ತು ವ್ಯಾಟಿಕಾನಸ್‌ನಲ್ಲಿ ಇಲ್ಲವೇ ಇಲ್ಲ. ಅಲ್ಲಿ ಹೆಂಗಸರು ಹೆದರಿ ಯಾರಿಗೂ ಏನೂ ಹೇಳದೆ ಸಮಾಧಿಯಿಂದ ಓಡುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಇದು ಗುಟ್ಟೇನಲ್ಲ, ಈಗಿನ ಎಷ್ಟೋ ಬೈಬಲ್‌ಗಳ ಅಡಿಟಿಪ್ಪಣಿಯಲ್ಲೇ ಇದೆ. ಓದುವವರು ಬೇಕು ಅಷ್ಟೆ.

ಚರ್ಚು ಬೇರೆ ಸುವಾರ್ತೆಗಳನ್ನು ಸುಟ್ಟುಹಾಕಿತು, 325ರಲ್ಲಿ ನೈಸಿಯಾದ ಬಿಷಪರ ಸಭೆಯಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಓಟು ಹಾಕಿಸಿ ನಾಲ್ಕನ್ನು ಆರಿಸಿದ ಅಂತ ವಾಟ್ಸಾಪ್‌ನಲ್ಲಿ ಒಂದು ಮೆಸೇಜು ಸುತ್ತುತ್ತಾ ಇರುತ್ತದೆ. ನೈಸಿಯಾದಲ್ಲಿ ಬೈಬಲ್‌ನ ಪುಸ್ತಕಗಳ ಆಯ್ಕೆ ನಡೆದದ್ದೇ ಇಲ್ಲ. ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ಐರೇನಿಯಸ್ ನಾಲ್ಕೇ ಅಂದಿದ್ದ. ಬೇರೆ ಸುವಾರ್ತೆಗಳು ಇದ್ದದ್ದು ನಿಜ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಸಿಕ್ಕ ಥಾಮಸನ ಸುವಾರ್ತೆಯಲ್ಲಿ ಯೇಸುವಿನ 114 ಮಾತುಗಳಿವೆ, ಶಿಲುಬೆಯ ಕತೆಯೇ ಇಲ್ಲ. ಬಹಳ ಸ್ವಾರಸ್ಯದ ಪುಸ್ತಕ. ಅದನ್ನೂ ಓದಬೇಕು, ಹೆದರುವುದಕ್ಕೆ ಏನಿದೆ?

ನನ್ನ ನಿಜವಾದ ತಕರಾರು ನಮ್ಮ ಊರಿನ ಬಗ್ಗೆ. ಜೆಪ್ಪುವಿನ ಸೆಮಿನರಿಯಲ್ಲಿ ಗುರುಗಳಾಗುವವರು, ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲಿ ಸಭಾಪಾಲಕರಾಗುವವರು ಬೈಬಲ್ ಓದುವಾಗ ಈ ಪ್ರಶ್ನೆಗಳನ್ನು ದಾಟದೆ ಹೋಗುವುದಿಲ್ಲ. ಆದರೆ ನಾನು ಕೇಳಿದ ಶೆರ್ಮಾಂವ್‌ಗಳಲ್ಲಿ, ಅಂದರೆ ಚರ್ಚಿನ ಪ್ರವಚನಗಳಲ್ಲಿ, ಇದರ ಸುಳಿವು ಇಲ್ಲ. ಜನರ ವಿಶ್ವಾಸ ಕೆಡುತ್ತದೆ ಅನ್ನುವ ಭಯವೋ ಏನೋ. ಆದರೆ ಕೆಥೋಲಿಕ ಸಭೆಯೇ 1964ರಲ್ಲಿ ಪೋಪರ ಬೈಬಲ್ ಆಯೋಗದ ಮೂಲಕ ಹೇಳಿದೆ, ಯೇಸುವಿನ ಬದುಕು, ಪ್ರೇಷಿತರ ಅಂದರೆ ಯೇಸು ಕಳಿಸಿದ ಶಿಷ್ಯರ ಬೋಧನೆ, ಆಮೇಲೆ ಬರೆದವರ ಕೆಲಸ, ಹೀಗೆ ಮೂರು ಹಂತದಲ್ಲಿ ಸುವಾರ್ತೆ ಬಂತು ಅಂತ. ಮರುವರ್ಷ ವ್ಯಾಟಿಕನ್ ಮಹಾಸಭೆಯೂ ಬರೆದವರು ಕೆಲವನ್ನು ಆರಿಸಿದರು, ಕೆಲವನ್ನು ಅಡಕಗೊಳಿಸಿದರು ಅಂತ ಒಪ್ಪಿತು. ರೋಮ್‌ಗೆ ಇಲ್ಲದ ಭಯ ಮಂಗಳೂರಿಗೆ ಯಾಕೆ?

ಒಂದು ವಿಷಯ ನನಗೆ ಯಾವಾಗಲೂ ಕುತೂಹಲ. 1843ರಲ್ಲಿ ಇದೇ ಊರಿನಿಂದ ಕನ್ನಡದ ಮೊದಲ ಪತ್ರಿಕೆ ತಂದ ಮೊಗ್ಲಿಂಗ್ ಓದಿದ್ದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ಅವರು 1836ರಲ್ಲಿ ಮಂಗಳೂರಿಗೆ ಬರುವ ಹಿಂದಿನ ವರ್ಷ, ಅದೇ ಟ್ಯೂಬಿಂಗನ್‌ನಲ್ಲಿ ಪಾಠ ಹೇಳುತ್ತಿದ್ದ ಸ್ಟ್ರಾಸ್ ಸುವಾರ್ತೆಗಳನ್ನು ಪ್ರಶ್ನಿಸುತ್ತಾ ಯೇಸುವಿನ ಜೀವನದ ಬಗ್ಗೆ ಪುಸ್ತಕ ಬರೆದು ಯುರೋಪನ್ನೇ ಅಲ್ಲಾಡಿಸಿದ, ಕೆಲಸವನ್ನೂ ಕಳೆದುಕೊಂಡ. ಮೊಗ್ಲಿಂಗರನ್ನು ಇಲ್ಲಿಗೆ ಕಳಿಸಿದ ಬಾಸೆಲ್ ಮಿಶನ್ ಆ ಗುಂಪಿನದ್ದಲ್ಲ, ಭಕ್ತಿಯವರ ಕಡೆಯದ್ದು. ಅಚ್ಚುಕೂಟ ಬಂತು, ಹೆಂಚಿನ ಕಾರ್ಖಾನೆ ಬಂತು, ನಿಘಂಟು ಬಂತು. ಆ ಚರ್ಚೆ ಮಾತ್ರ ಕನ್ನಡದ ಸಾಮಾನ್ಯ ಓದುಗರವರೆಗೆ ಬರಲೇ ಇಲ್ಲ.

ನಮ್ಮ ಕನ್ನಡ ತರಗತಿಗಳಲ್ಲಿ ಇಂಥ ಪ್ರಶ್ನೆ ಹೊಸತೇನಲ್ಲ. ಪಂಪ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಭಾರತ ಬರೆದ, ಅದಕ್ಕಾಗಿ ದ್ರೌಪದಿಯನ್ನು ಅರ್ಜುನನಿಗೆ ಮಾತ್ರ ಮದುವೆ ಮಾಡಿಸಿದ ಅಂತ ಡಿಗ್ರಿ ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಅದರಿಂದ ಪಂಪ ಸಣ್ಣವನಾಗಲಿಲ್ಲ.

ಈಗ ಕಾಲ ಸರಿಯಿಲ್ಲ, ಇಂಥದ್ದನ್ನು ಬರೆದರೆ ನಮ್ಮ ಮೇಲೆ ಬೀಳುವವರಿಗೆ ಕೋಲು ಕೊಟ್ಟ ಹಾಗೆ ಅಂತ ನನ್ನ ಮನೆಯಲ್ಲೇ ಹೇಳುತ್ತಾರೆ. ಕರಾವಳಿಯಲ್ಲಿ ಇದ್ದುಕೊಂಡು ಆ ಮಾತನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಆದರೆ ಬೀಳುವವರು ನಿಮ್ಮ ಪತ್ರಿಕೆ ಓದಿ ಬೀಳುವುದಿಲ್ಲ. ಅವರಿಗೆ ಆ ವಾಟ್ಸಾಪ್ ಮೆಸೇಜೇ ಜಾಸ್ತಿ. ಅದಕ್ಕೆ ಉತ್ತರ ಕೊಡಲು ಗೊತ್ತಿಲ್ಲದೆ ಮುಖ ಮುಖ ನೋಡಿಕೊಳ್ಳುವುದು ನಮ್ಮ ಯುವಕರು.

ಹಾಗಾಗಿ ಒಂದು ಕೋರಿಕೆ. ನಿಮ್ಮ ಭಾನುವಾರದ ಪುರವಣಿಯಲ್ಲಿ ಇದರ ಬಗ್ಗೆ ಒಂದು ಸರಣಿ ಮಾಡಿ. ಜೆಪ್ಪುವಿನಿಂದ ಒಬ್ಬರು, ಬಲ್ಮಠದಿಂದ ಒಬ್ಬರು ಸೇರಿ ಬರೆಯಲಿ. ಮಾರ್ಕನಿಂದ ಶುರು ಮಾಡಲಿ, ಎಲ್ಲಕ್ಕಿಂತ ಚಿಕ್ಕದು, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಕನ್ನಡ ಮಾತ್ರ ಶೆರ್ಮಾಂವ್‌ನ ಕನ್ನಡ ಆಗದಿರಲಿ. ಪುಟ ಇಲ್ಲ ಅನ್ನಬೇಡಿ, ರಾಶಿಭವಿಷ್ಯಕ್ಕೆ ಅರ್ಧ ಪುಟ ಕೊಡುತ್ತಿದ್ದೀರಲ್ಲ.

ಇತಿ,
ನಿಮ್ಮ ಹಳೆಯ ಓದುಗ,
ಬಿಜೈ, ಮಂಗಳೂರು