ಸಿಂಡರೆಲ್ಲಾ ಯಾಕೆ ‘ಆಗಲ್ಲ’ ಅನ್ನಲಿಲ್ಲ?

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ಬಂತು. ಮಗಳು ಹೊಸ ಸಿಂಡರೆಲ್ಲಾ ಕಥೆ ಹಿಡಿದು ಕೂತಿದ್ದಾಳೆ, ‘ಚೆನ್ನಾಗಿದ್ದ ಅಜ್ಜಿ ಕಥೆನ ಯಾಕೆ ಹೀಗೆ ಕೆಡಿಸ್ತಾರೋ’ ಅಂತ ಬೇಜಾರು ಮಾಡಿಕೊಂಡಿದ್ದೀಯ. ಅವಳ ಕೈಯಲ್ಲಿರುವುದು ಗೇಲ್ ಕಾರ್ಸನ್ ಲೆವೀನ್ 1997ರಲ್ಲಿ ಬರೆದ ‘ಎಲಾ ಎನ್‌ಚ್ಯಾಂಟೆಡ್’ ಅಲ್ವಾ? ನನಗೆ ತುಂಬಾ ಇಷ್ಟವಾದ ಪುಸ್ತಕ ಅದು.

ನಾವು ಚಿಕ್ಕವರಿದ್ದಾಗ ಹಳೆ ಸಿಂಡರೆಲ್ಲಾ ಕಥೆ ಕೇಳಿದೆವಲ್ಲ, ಆಗ ಒಂದು ಪ್ರಶ್ನೆ ಕೇಳಲೇ ಇಲ್ಲ. ಮಲತಾಯಿ ಹೇಳಿದ್ದನ್ನೆಲ್ಲ ಆ ಹುಡುಗಿ ತುಟಿಪಿಟಕ್ಕೆನ್ನದೆ ಮಾಡಿದ್ದು ಯಾಕೆ? ‘ಪಾಪ, ಒಳ್ಳೆಯ ಹುಡುಗಿ’ ಎಂದರೆ ಆರು ವರ್ಷದ ಮಗು ಒಪ್ಪುತ್ತದೆ. ಹದಿನಾಲ್ಕರ ಹುಡುಗಿ ಒಪ್ಪಲ್ಲ. ಒಪ್ಪಲೂಬಾರದು.

ಲೆವೀನ್ ಹಿಡಿದದ್ದು ಈ ಎಳೆಯನ್ನೇ. ಎಲಾ ಹುಟ್ಟಿದಾಗ ಒಬ್ಬ ಕಿನ್ನರಿ ಬಂದು, ಈ ಮಗು ಸದಾ ಹೇಳಿದ ಮಾತು ಕೇಳಲಿ ಎಂದು ವರ ಕೊಡುತ್ತಾಳೆ. ಆ ವರವೇ ಶಾಪ. ಯಾರು ಏನು ಅಪ್ಪಣೆ ಮಾಡಿದರೂ ಎಲಾ ಮಾಡಲೇಬೇಕು. ತಡೆದು ನಿಂತರೆ ಉಸಿರು ಕಟ್ಟುತ್ತದೆ, ತಲೆ ಸುತ್ತುತ್ತದೆ. ಕೊನೆಗೆ ಅವಳು ಪ್ರಾಣದಂತೆ ಪ್ರೀತಿಸಿದ ರಾಜಕುಮಾರನೇ ‘ನನ್ನ ಮದುವೆಯಾಗು’ ಎನ್ನುತ್ತಾನೆ. ಶಾಪ ಹೊತ್ತವಳು ಅರಮನೆ ಸೇರಿದರೆ ಅವನಿಗೇ ಅಪಾಯ. ಒಳಗಿನಿಂದ ‘ಹೂಂ’ ಒತ್ತಿಕೊಂಡು ಬರುತ್ತಿರುತ್ತದೆ. ಅದನ್ನು ನುಂಗಿ ಅವಳು ‘ಇಲ್ಲ’ ಅನ್ನುತ್ತಾಳೆ. ಶಾಪ ಒಡೆಯುವುದು ಆಗಲೇ! ಗಾಜಿನ ಚಪ್ಪಲಿಯಿಂದ ಅಲ್ಲ, ಒಂದು ‘ಇಲ್ಲ’ದಿಂದ. ಹೋದ ವಾರ ಮತ್ತೆ ಓದಿದೆ, ಈ ಜಾಗದಲ್ಲಿ ಮತ್ತೆ ಕಣ್ಣು ತುಂಬಿತು. (ಮಗಳಿಗೆ ಇದನ್ನು ಮೊದಲೇ ಹೇಳಿಬಿಡಬೇಡ.)

ಇನ್ನು ಕೆಡಿಸುವ ಮಾತು. ಜರ್ಮನಿಯ ಅಜ್ಜಿ ಕಥೆಗಳನ್ನು ಕೂಡಿಹಾಕಿದ ಗ್ರಿಮ್ ಸೋದರರು 1812ರಲ್ಲಿ ಅಚ್ಚು ಹಾಕಿಸಿದ ಸ್ನೋ ವೈಟ್ ಕಥೆಯಲ್ಲಿ ಮಗುವನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. 1819ರ ಮುದ್ರಣದಲ್ಲಿ ಅವಳನ್ನು ಮಲತಾಯಿ ಮಾಡಿದರು. ಕಪ್ಪೆಗೆ ರಾಜಕುಮಾರಿ ಮುತ್ತು ಕೊಟ್ಟಳು ಅಂತ ನಾವು ಕೇಳಿದ್ದೇವಲ್ಲ? ಗ್ರಿಮ್ ಕಥೆಯಲ್ಲಿ ಅವಳು ಸಿಟ್ಟಿನಿಂದ ಅದನ್ನು ಗೋಡೆಗೆ ಅಪ್ಪಳಿಸುತ್ತಾಳೆ, ಆಗಲೇ ಅದು ರಾಜಕುಮಾರನಾಗುವುದು. ಹೇಳುವವರು ಎದುರಿಗೆ ಕೂತವರನ್ನು ನೋಡಿ ಕಥೆ ತಿದ್ದುತ್ತಲೇ ಬಂದಿದ್ದಾರೆ. ಈಗ ಎದುರಿಗೆ ಕೂತವಳು ನಿನ್ನ ಮಗಳು.

ಹಾಗಂತ ಹೊಸದಾಗಿ ಬಂದದ್ದೆಲ್ಲ ಒಳ್ಳೆಯದು ಅಂತ ನಾನು ಹೇಳಲ್ಲ. ರಾಜಕುಮಾರಿಯ ಕೈಗೆ ಸುಮ್ನೆ ಒಂದು ಕತ್ತಿ ಕೊಟ್ಟು, ಕಾಡನ್ನು ಇನ್ನಷ್ಟು ಕತ್ತಲು ಮಾಡಿ, ಉಳಿದದ್ದನ್ನೆಲ್ಲ ಇದ್ದ ಹಾಗೇ ಬಿಟ್ಟ ಪುಸ್ತಕಗಳೂ ಇವೆ. ಅಂಥವನ್ನು ನಾನು ಅರ್ಧಕ್ಕೇ ಮುಚ್ಚಿಡುತ್ತೇನೆ. ಹಳೆ ಕಥೆಯ ಗಂಟು ಎಲ್ಲಿದೆ ಅಂತ ಅವರು ಹುಡುಕಿಯೇ ಇರಲ್ಲ.

ಅವಳು ಓದಿ ಮುಗಿಸಲಿ, ಆಮೇಲೆ ಪುಸ್ತಕ ಕೇಳಿ ತಗೊಂಡು ನೀನೂ ಓದು. ಯಾವ ಪುಟ ಅವಳಿಗೆ ಜಾಸ್ತಿ ಹಿಡಿಸಿತು ಅಂತ ವಿಚಾರಿಸಿ ನನಗೆ ಬರೆ. ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ