ಜನಾಂಗೀಯ ಹಲ್ಲೆ: ಪ್ರಧಾನಿ ಮಾತನಾಡಲಿ

ಸಂಪಾದಕರೇ,

ಈಶಾನ್ಯ ರಾಜ್ಯದವರ ಮೇಲೆ ಹಲ್ಲೆಯಾದಾಗ ‘ಕ್ಷುಲ್ಲಕ ಕಾರಣಕ್ಕೆ ಜಗಳ’ ಎಂದು ಕಡತ ಮುಚ್ಚುವ ಚಾಳಿ ನಿಲ್ಲಬೇಕು. ಇದು ಜನಾಂಗೀಯ ಹಿಂಸೆ ಎಂದು ಪ್ರಧಾನಿಯವರೇ ಹೆಸರಿಟ್ಟು ಹೇಳಬೇಕು. ಸಂತಾಪದ ಟ್ವೀಟ್ ಸಾಲದು. ಮೇಲಿನಿಂದ ಹೆಸರು ಬಾರದೆ ಠಾಣೆಯಲ್ಲಿ ಯಾರೂ ಅದನ್ನು ಬರೆಯುವುದಿಲ್ಲ.

2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ಹಲ್ಲೆಗೊಳಗಾಗಿ ಸತ್ತ. ಜಗಳ ಶುರುವಾದದ್ದು ಅವನ ಕೂದಲನ್ನು ಗೇಲಿ ಮಾಡಿದ್ದರಿಂದ. ಆ ಬಳಿಕ ರಚನೆಯಾದ ಬೆಜ್‌ಬರುವಾ ಸಮಿತಿ, ಆಗಿನ ದಂಡಸಂಹಿತೆ ಐಪಿಸಿಗೆ ಜನಾಂಗೀಯ ಅವಮಾನವನ್ನು ಅಪರಾಧವಾಗಿಸುವ 153ಸಿ ಮತ್ತು 509ಎ ಕಲಂಗಳನ್ನು ಸೇರಿಸಲು ಅದೇ ವರ್ಷ ಶಿಫಾರಸು ಮಾಡಿತು. ಅವು ಬರಲೇ ಇಲ್ಲ, ಐಪಿಸಿಯೇ ಹೋಯಿತು.

ಅದರ ಬದಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 103(2)ರಲ್ಲಿ ಜನಾಂಗ, ಹುಟ್ಟಿದ ಸ್ಥಳ, ಭಾಷೆಯ ಕಾರಣಕ್ಕೆ ಮಾಡಿದ ಕೊಲೆ ಪ್ರತ್ಯೇಕ ಅಪರಾಧ. ಆದರೆ ಕೊಂದವರು ಕನಿಷ್ಠ ಐವರ ಗುಂಪಾಗಿರಬೇಕು! ಬೈಕಿನಲ್ಲಿ ಬಂದ ಇಬ್ಬರು ‘ಚೀನಿ’ ಎಂದು ಬೈದು ಇರಿದರೆ ಅದು ಮಾಮೂಲಿ ಕೊಲೆ. ತೀವ್ರ ಗಾಯದ 117(4)ಕ್ಕೂ ಇದೇ ಲೆಕ್ಕ. ಉಳಿದಿರುವ 196ನೇ ಕಲಂ ಗುಂಪುಗಳ ನಡುವೆ ದ್ವೇಷ ಹಬ್ಬಿಸುವವರಿಗೆ. ಸರ್ಕಾರ ಅನುಮತಿ ಕೊಡುವವರೆಗೆ ನ್ಯಾಯಾಲಯ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ.

ಪ್ರಕರಣ ಬಿದ್ದುಹೋಗುವುದು ಹೆಚ್ಚಾಗಿ ಮೊದಲ ದಿನವೇ. ಬೈದ ಮಾತು ದೂರಿನಲ್ಲಿ ಇದ್ದ ಹಾಗೆಯೇ ದಾಖಲಾಗದೆ ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂಬ ಸಿದ್ಧ ವಾಕ್ಯವಾಗುತ್ತದೆ. ಮುಂದೆ ಸಾಕ್ಷಿ ಆ ಪದ ಹೇಳಿದಾಗ ಆರೋಪಿಯ ವಕೀಲರು ‘ಇದು ಆಮೇಲೆ ಸೇರಿಸಿದ್ದು’ ಎನ್ನುತ್ತಾರೆ. ದೂರು, ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ರಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು. ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. ಊರಿಗೆ ಹೊಸಬನಾದ, ಭಾಷೆ ಬಾರದ ಹುಡುಗನಿಗೆ ಇದನ್ನೆಲ್ಲ ಹೇಳುವವರು ಯಾರು?

ನಾಯಕರು ಮಾತನಾಡಿದ್ದುಂಟು. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿದ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದಾಗ ಪ್ರಧಾನಿ ಮನಮೋಹನ್ ಸಿಂಗ್ ಸಂಸತ್ತಿನಲ್ಲೇ ರಕ್ಷಣೆಯ ಭರವಸೆ ಕೊಟ್ಟರು. 2016ರಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ, ಇನ್ಯಾರದೋ ಕಾರು ಮಾಡಿದ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಥಳಿಸಿದಾಗ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಖಂಡಿಸಿದರು. ನಾಚಿಕೆ ಮಾತ್ರ ನಮ್ಮ ಪಾಲಿಗೆ ಉಳಿಯಿತು, ಬಿಡಿ.

ಈಗಿನ ಪ್ರಧಾನಿಗೆ ಕೆಂಪುಕೋಟೆಯಿದೆ, ಪ್ರತಿ ತಿಂಗಳ ರೇಡಿಯೊ ಭಾಷಣವಿದೆ. ಅಲ್ಲಿ ಇದನ್ನು ಹೇಳಲಿ. ಐವರ ಮಿತಿ ತೆಗೆಯುವ ತಿದ್ದುಪಡಿ ಯಾವ ಅಧಿವೇಶನದಲ್ಲಿ ಬರುತ್ತದೆ ಎಂಬುದನ್ನೂ ಜೊತೆಗೇ ತಿಳಿಸಲಿ.

– ಕೆಲವು ವಕೀಲರು, ಬೆಂಗಳೂರು