ಭಾನುವಾರಕ್ಕೊಂದು ಬತ್ತಿ

ಪ್ರಿಯ ಓದುಗರೇ,

ದೀಪಾವಳಿಗೆ ಕಜ್ಜಾಯದ ಬಗ್ಗೆ ಬರೆದೆ. ಯುಗಾದಿಗೆ ಇಲ್ಲಿ ಜರ್ಮನಿಯಲ್ಲಿ ಬೇವು ಹುಡುಕಿ ಸುಸ್ತಾದ ಕಥೆ ಬರೆದೆ. ಈ ಸಲ ನಮ್ಮ ಮನೆಯ ಹಬ್ಬ, ಕ್ರಿಸ್‌ಮಸ್. ನಾನು ಮಂಗಳೂರಿನ ಪ್ರಾಟೆಸ್ಟೆಂಟ್ ಮನೆಯವಳು ಅಂತ ನಿಮಗೆಲ್ಲ ಗೊತ್ತು. ಆದರೂ ಸಂಪಾದಕೀಯದಲ್ಲಿ ಅದನ್ನು ಬರೆಯೋಕೆ ಯಾಕೋ ಇಷ್ಟು ವರ್ಷ ಸಂಕೋಚ.

ಹೋದ ವರ್ಷ ನವೆಂಬರಿನಲ್ಲಿ ನಮ್ಮವರ ಕೈಗೆ ಕಂಪನಿಯಿಂದ ಕಾಗದ ಬಂತು. ಕೆಲಸ ಮಾರ್ಚ್‌ವರೆಗೆ ಮಾತ್ರ. ಸ್ಟಟ್‌ಗಾರ್ಟ್ ಸುತ್ತ ಕಾರಿನ ಕೆಲಸ ನಂಬಿಕೊಂಡು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲಸದ ಹಿಂದೆ ವೀಸಾದ ಚಿಂತೆ, ಅದರ ಹಿಂದೆ ಮಗಳ ಶಾಲೆ, ಮನೆ ಬಾಡಿಗೆ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಆಮೇಲೆ ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕುವುದೇ ಇಬ್ಬರ ಕೆಲಸ.

ಆಗ ಪಕ್ಕದ ಮನೆಯ ಅಜ್ಜಿ ಒಂದು ಹಸಿರು ಸುತ್ತು ತಂದುಕೊಟ್ಟರು. ಫರ್ ಮರದ ಸೊಪ್ಪನ್ನು ಸಿಂಬೆ ಥರ ಸುತ್ತಿ, ಮೇಲೆ ನಾಲ್ಕು ಕೆಂಪು ಮೇಣದ ಬತ್ತಿ ನಿಲ್ಲಿಸಿದ್ದರು. ನಾವು ಆಗಮನ ಕಾಲ ಅನ್ನುತ್ತೇವಲ್ಲ, ಕ್ರಿಸ್‌ಮಸ್‌ಗೆ ಮುಂಚಿನ ಆ ನಾಲ್ಕು ಭಾನುವಾರ, ವಾರಕ್ಕೊಂದು ಬತ್ತಿ ಸೇರಿಸಿ ಹಚ್ಚಬೇಕು. ಇದನ್ನು ಶುರುಮಾಡಿದವರು ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳನ್ನು ಸಾಕುತ್ತಿದ್ದ ಯೋಹಾನ್ ಹಿನ್ರಿಷ್ ವಿಖರ್ನ್, 1839ರಲ್ಲಿ. ಹಬ್ಬಕ್ಕೆ ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಪ್ರಾಣ ತಿನ್ನುತ್ತಿದ್ದರಂತೆ. ಅವರು ಗಾಡಿಯ ಚಕ್ರದ ಮೇಲೆ ಭಾನುವಾರಗಳಿಗೆ ದೊಡ್ಡ ಬತ್ತಿ, ಮಿಕ್ಕ ದಿನಗಳಿಗೆ ಸಣ್ಣ ಬತ್ತಿ ಇಟ್ಟರು. ನೀವೇ ಎಣಿಸಿಕೊಳ್ಳಿ ಅಂತ.

ದೀಪಾವಳಿಯಲ್ಲಿ ಸಾಲುದೀಪ ಒಟ್ಟಿಗೇ ಹಚ್ಚಿಬಿಡುತ್ತೇವೆ, ಅಲ್ವಾ? ಇಲ್ಲಿ ಮೊದಲ ವಾರ ಮೂರು ಬತ್ತಿ ಸುಮ್ನೆ ನಿಂತಿರುತ್ತವೆ. ಎಲ್ಲ ಹಚ್ಚಮ್ಮ ಅಂತ ಮಗಳ ಹಟ. ನನಗೂ ಆಸೆಯೇ. ಆದರೆ ಒಂದನ್ನೇ ಹಚ್ಚಿ ಕೂತೆವು. ಪ್ರಾರ್ಥನೆಯಲ್ಲೂ ಅಷ್ಟೇ ಕೇಳಿದೆ: ಈ ವಾರ ದಾಟಿಸಪ್ಪ, ಸಾಕು. ದೇವರ ಹತ್ತಿರ ಮಾರ್ಚ್ ತಿಂಗಳ ಮಾತೇ ಎತ್ತಲಿಲ್ಲ. ಆ ರಾತ್ರಿ ಎಷ್ಟೋ ದಿನಗಳ ಮೇಲೆ ನಿದ್ದೆ ಬಂತು.

ಅಮ್ಮನ ಹಳೇ ಕನ್ನಡ ಬೈಬಲ್ ತೆಗೆದು ಯೇಸು ಹುಟ್ಟಿದ ಕಥೆಯಿರುವ ಲೂಕನ ಎರಡನೇ ಅಧ್ಯಾಯ ಓದಿದೆ. ಅಲ್ಲಿ "ಖಾನೇಷುಮಾರಿ" ಎಂಬ ಪದ ಬರುತ್ತದೆ. ಹಾಗಂದ್ರೇನು ಅಂತ ಮಗಳು ಕೇಳಿದಳು. ಜನಗಣತಿ ಅಂದೆ, ತಲೆಗೆ ಹೋಗಲಿಲ್ಲ. "ನಮ್ಮ ಆನ್‌ಮೆಲ್ಡುಂಗ್ ಥರ" ಅಂದೆ, ಇಲ್ಲಿ ಮನೆ ವಿಳಾಸವನ್ನು ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸುವುದು. ಥಟ್ಟಂತ ಅರ್ಥವಾಯಿತು! ಹೆಸರು ಬರೆಸೋಕೆ ತುಂಬು ಬಸುರಿಯನ್ನು ಕರೆದುಕೊಂಡು ಊರೂರು ದಾಟಿ ಹೋದ ಬಡಗಿ, ಛತ್ರದಲ್ಲಿ ಜಾಗವಿಲ್ಲ, ಕೂಸಿಗೆ ಗೋದಲಿಯೇ ತೊಟ್ಟಿಲು. ಚಿಕ್ಕಂದಿನಿಂದ ಕೇಳಿದ ಕಥೆ. ಕಾಗದಪತ್ರಕ್ಕಾಗಿ ಅಲೆದವರ ಕಥೆ ಅಂತ ಹೊಳೆದದ್ದು ಅವತ್ತೇ.

ಆಮೇಲೆ ಹಾಡು. ನಾನು ಕನ್ನಡದಲ್ಲಿ ಶುರುಮಾಡಿದರೆ ಅಜ್ಜಿ ಜರ್ಮನ್‌ನಲ್ಲಿ ದನಿಗೂಡಿಸಿದರು. ರಾಗ ಒಂದೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರಲ್ಲ, ಅವರ ಹಿಂದೆ ಈ ಸೀಮೆಯ ರಾಗಗಳೂ ಬಂದವು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಅದೇ ಮಿಷನ್‌ನ ಮೋಗ್ಲಿಂಗ್ ಇದೇ ಸೀಮೆಯವರು, 1881ರಲ್ಲಿ ತೀರಿಕೊಂಡದ್ದು ಇಲ್ಲೇ ಎಸ್ಲಿಂಗನ್‌ನಲ್ಲಿ. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರ ಊರ ಮಗ್ಗುಲಲ್ಲಿ ಕೂತು ಈ ಪುಟ್ಟ ಸುದ್ದಿಪತ್ರ ತಿದ್ದುತ್ತಿದ್ದೇನೆ. ಕಾಗುಣಿತ ತಪ್ಪಿದರೆ ಸ್ವಲ್ಪ ಜಾಸ್ತಿಯೇ ನಾಚಿಕೆಯಾಗುತ್ತದೆ.

ಮಾರ್ಚ್‌ನಲ್ಲಿ ಕೆಲಸ ಹೋಯಿತು. ಮೇ ತಿಂಗಳಲ್ಲಿ ಇನ್ನೊಂದು ಸಿಕ್ಕಿತು, ಸಂಬಳ ಕಡಿಮೆ. ಪ್ರಾರ್ಥನೆಯಿಂದಲೇ ಸಿಕ್ಕಿತು ಅಂತ ಹೇಳಲಾರೆ, ಹಗಲು ರಾತ್ರಿ ಅರ್ಜಿ ಹಾಕಿದ್ದು ಅವರು.

ಈ ವರ್ಷದ ಸುತ್ತಿನಲ್ಲಿ ಎರಡು ಬತ್ತಿ ಉರಿದಿವೆ. ಮೊದಲನೆಯದು ಆಗಲೇ ಗಿಡ್ಡವಾಗಿದೆ. ಮೂರನೇ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ರೋಸ್ ಕುಕ್ಕಿ, ಅಂದರೆ ಹೂವಿನ ಅಚ್ಚಿನ ಗರಿಗರಿ ತಿಂಡಿ, ಕರಿಯುತ್ತೇವೆ. ಕಾಗದ ಬಂದವರು, ಬರಬಹುದು ಅಂತ ಹೆದರಿಕೊಂಡವರು, ಸುಮ್ನೆ ಬೇಜಾರಾದವರು, ಎಲ್ಲರೂ ಬನ್ನಿ. ಮನೆಯಲ್ಲೇ ಮಾಡುವವರಿಗೆ ನನ್ನ ಹಿತ್ತಾಳೆ ಅಚ್ಚು ಎರವಲು ಕೊಡುತ್ತೇನೆ. ಅಚ್ಚನ್ನು ಎಣ್ಣೆಯಲ್ಲೇ ಚೆನ್ನಾಗಿ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಿ. ಮೊದಲನೆಯದು ಹೇಗಿದ್ದರೂ ಅಂಟಿಕೊಳ್ಳುತ್ತದೆ, ಕೆರೆದು ತೆಗೆದು ಎರಡನೆಯದಕ್ಕೆ ಹೋಗಿ.

— ಸಂಪಾದಕಿ